ಮೊದಲ ಸುತ್ತುಗಳನ್ನು ನಾನು ನೋಡಿದ ಬಗೆ: ಆಸ್ಟ್ರೇಲಿಯನ್ ಓಪನ್, 2024

ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದೊಂದನ್ನೂ ಗ್ರ್ಯಾಂಡ್‌ಸ್ಲಾಮ್ ಎನ್ನುತ್ತಾರೆ. ಅದರ ಸಿಂಗಲ್ಸ್ ವಿಭಾಗಗಳಲ್ಲಿ ಪುರುಷರು 128 ಮಂದಿ, ಮಹಿಳೆಯರು 128 ಮಂದಿ ಆಡುತ್ತಾರೆ. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಇವರಲ್ಲಿ ಅರ್ಧದಷ್ಟು ಜನ ಗಂಟುಮೂಟೆ ಕಟ್ಟಿರುತ್ತಾರೆ. 2024ರಲ್ಲಿ ಮೆಲ್ಬರ್ನ್‌ನ ಟೂರ್ನಿ ಮೊದಲ ಬಾರಿಗೆ ಭಾನುವಾರ ಆರಂಭವಾಗಿ ಹದಿನೈದು ದಿನಗಳಿಗೆ ವಿಸ್ತರಿಸಿದ್ದರಿಂದ, ಆ 128 ಪಂದ್ಯಗಳು ಜನವರಿ 14ರಿಂದ 16ರವರೆಗೆ ಮೂರು ದಿನಗಳಲ್ಲಿ ಹಂಚಿಹೋಗಿದ್ದವು. ನಡುವಿನ ಸೋಮವಾರ ನಮಗೆ ಸಂಕ್ರಾಂತಿ. ಹಬ್ಬದ ರಜೆಯೂ ಟೆನಿಸ್ಸೂ ಹೀಗೆ ಕೂಡಿಬರುವುದು ಅಪರೂಪವಾದ್ದರಿಂದ, ಆ ವಾರ ಪಂದ್ಯಗಳನ್ನು ನಾನು ಹೇಗೆ ಆರಿಸಿಕೊಂಡೆ, ಏನನ್ನು ಗಮನಿಸಿದೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಡ್ರಾ, ಅಂದರೆ ಯಾರ ಎದುರು ಯಾರು ಎಂಬ ಪಟ್ಟಿ, ಪ್ರಕಟವಾದ ಕೂಡಲೇ ಅದನ್ನು ಮುದ್ರಿಸಿ ಗೋಡೆಗೆ ಅಂಟಿಸುವುದು ನನ್ನ ರೂಢಿ. ಆಮೇಲೆ ಎರಡು ಬಗೆಯ ಹೆಸರುಗಳಿಗೆ ಪೆನ್ಸಿಲ್‌ನಿಂದ ಗುರುತು ಹಾಕುತ್ತೇನೆ. ಅರ್ಹತಾ ಸುತ್ತಿನಿಂದ ಮೇಲೆ ಬಂದವರದು ಮೊದಲನೆಯ ಬಗೆ. ಅವರು ಅದೇ ವಾರ, ಅದೇ ಚೆಂಡಿನಲ್ಲಿ, ಅದೇ ಬಿಸಿಲಿನಲ್ಲಿ ಮೂರು ಪಂದ್ಯಗಳನ್ನು ಗೆದ್ದಿರುತ್ತಾರೆ. ಅವರ ಎದುರಾಳಿಗೆ ಮಾತ್ರ ಅದು ಮೊದಲ ಪಂದ್ಯ. ಎರಡನೆಯದು, ಆಟದ ಶೈಲಿಯಲ್ಲಿ ಒಬ್ಬರಿಗೊಬ್ಬರು ಹೊಂದದ ಜೋಡಿಗಳು: ಸರ್ವ್ ಒಂದನ್ನೇ ನಂಬಿ ಬದುಕುವವರ ಎದುರು, ಚೆಂಡನ್ನು ಹೇಗಾದರೂ ಹಿಂದಕ್ಕೆ ಕಳಿಸಿಯೇ ತೀರುವವರು. ದೊಡ್ಡ ಹೆಸರುಗಳಿಗೆ ಗುರುತು ಬೇಕಿಲ್ಲ, ಅವರನ್ನು ವಾಹಿನಿಯವರು ತಾವಾಗಿಯೇ ತೋರಿಸುತ್ತಾರೆ. ಆರಿಸಿಕೊಂಡ ಪಂದ್ಯವನ್ನು ಮೊದಲ ಗೇಮ್‌ನಿಂದಲೇ ನೋಡಬೇಕು, ಸ್ಕೋರ್ ರೋಚಕವಾದ ಮೇಲೆ ಅಲ್ಲಿಗೆ ಜಿಗಿಯಬಾರದು ಎಂಬುದು ನಾನು ಹಾಕಿಕೊಂಡ ಕಟ್ಟುಪಾಡು. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಗೇಮ್‌ಗೆ ಒಂದು ಸಾಲು: ಸರ್ವ್ ಯಾರದು, ಡ್ಯೂಸ್ (40-40) ಆಯಿತೇ, ಮೊದಲನೆಯದು ತಪ್ಪಿದಾಗ ಮಾಡುವ ಎರಡನೆಯ ಸರ್ವ್‌ನಲ್ಲಿ ಪಾಯಿಂಟ್ ಯಾರಿಗೆ ಹೋಯಿತು. ಆರಂಭದ ಸುತ್ತುಗಳಲ್ಲಿ ಪಂದ್ಯದ ನಿಜಸ್ಥಿತಿ ಗೊತ್ತಾಗುವುದು ಎರಡನೆಯ ಸರ್ವ್‌ನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಸರ್ವ್ ಚೆನ್ನಾಗಿ ಬಿದ್ದ ದಿನ ಯಾರಾದರೂ ದೊಡ್ಡವರಂತೆಯೇ ಕಾಣುತ್ತಾರೆ.

ಸಮಯದ ಲೆಕ್ಕ ನಮಗೆ ಅನುಕೂಲವಾಗಿಯೇ ಇದೆ. ಜನವರಿಯಲ್ಲಿ ಮೆಲ್ಬರ್ನ್ ನಮಗಿಂತ ಐದೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಗುವ ಪಂದ್ಯ ಇಲ್ಲಿ ಮುಂಜಾನೆ ಐದೂವರೆಗೆ, ಅಲ್ಲಿನ ರಾತ್ರಿ ಏಳರ ಪಂದ್ಯ ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ. ಅಮೆರಿಕದ ಟೂರ್ನಿಯಂತೆ ನಿದ್ದೆಗೆಡಬೇಕಾದ ಪ್ರಮೇಯವೇ ಇಲ್ಲ.

ಭಾನುವಾರ ಊಟ ಮುಗಿಸಿ ಕೂತಾಗ ರಾಡ್ ಲೇವರ್ ಅರೇನಾದಲ್ಲಿ ನೊವಾಕ್ ಜೊಕೊವಿಚ್ ಎದುರು ಕ್ರೊಯೇಷಿಯಾದ ಡಿನೊ ಪ್ರಿಜ್ಮಿಚ್ ಇದ್ದರು. ವಯಸ್ಸು 18, ಹಿಂದಿನ ವರ್ಷದ ಫ್ರೆಂಚ್ ಓಪನ್ ಬಾಲಕರ ಚಾಂಪಿಯನ್, ಅರ್ಹತಾ ಸುತ್ತಿನಿಂದ ಬಂದವರು. ಮೆಲ್ಬರ್ನ್‌ನಲ್ಲಿ ಹತ್ತು ಬಾರಿ ಗೆದ್ದ ಆಟಗಾರನ ಎದುರು ಮೊದಲ ಸೆಟ್ 6-2ರಿಂದ ಹೋದಾಗ, ಇನ್ನೊಂದು ಗಂಟೆಯಲ್ಲಿ ಮುಗಿಯಿತು ಎಂದುಕೊಂಡವರೇ ಹೆಚ್ಚು. ನನ್ನ ನೋಟ್‌ಬುಕ್ ಮಾತ್ರ ಬೇರೆಯದನ್ನು ಹೇಳುತ್ತಿತ್ತು: 6-2 ಎಂಬ ಅಂಕಿಯ ಹಿಂದೆ ಗೇಮ್‌ಗಳು ಉದ್ದವಾಗಿದ್ದವು, ರ‍್ಯಾಲಿಗಳು ಅದಕ್ಕಿಂತ ಉದ್ದವಾಗಿದ್ದವು, ಮತ್ತು ಆ ಹುಡುಗ ಬೇಸ್‌ಲೈನ್‌ನಿಂದ (ಅಂಕಣದ ಹಿಂಗೆರೆಯಿಂದ) ಹಿಂದೆ ಸರಿಯುತ್ತಿರಲಿಲ್ಲ. ಎರಡನೆಯ ಸೆಟ್ಟನ್ನು ಪ್ರಿಜ್ಮಿಚ್, 6-6 ಆದಾಗ ಸೆಟ್ ತೀರ್ಮಾನಿಸುವ ಟೈಬ್ರೇಕರ್‌ನಲ್ಲಿ ಗೆದ್ದರು. ಕೊನೆಗೆ 6-2, 6-7, 6-3, 6-4ರಿಂದ ಸೋತರಾದರೂ, ಎದುರಾಳಿ ಗೆದ್ದರೆ ಪಂದ್ಯವೇ ಮುಗಿಯುವ ಮ್ಯಾಚ್ ಪಾಯಿಂಟ್‌ಗಳನ್ನು ಉಳಿಸಿಕೊಂಡು ಉಳಿಸಿಕೊಂಡು ಸೋತರು. ಪಂದ್ಯ ನಡೆದದ್ದು ನಾಲ್ಕು ಗಂಟೆ ಒಂದು ನಿಮಿಷ; ಗ್ರ್ಯಾಂಡ್‌ಸ್ಲಾಮ್‌ನ ಮೊದಲ ಸುತ್ತಿನಲ್ಲಿ ಜೊಕೊವಿಚ್ ಅಲ್ಲಿಯವರೆಗೆ ಅಷ್ಟು ಹೊತ್ತು ಆಡಿರಲೇ ಇಲ್ಲ. ಅದೇ ಅಂಕಣಕ್ಕೆ ಮುಂದಿನ ಪಂದ್ಯಕ್ಕಾಗಿ ಬಂದ ಅರಿನಾ ಸಬಲೆಂಕಾ ಒಂದು ಗಂಟೆಯೂ ತುಂಬುವ ಮೊದಲೇ 6-0, 6-1ರಿಂದ ಮುಗಿಸಿ ಹೊರಟರು. ಆ ವರ್ಷದ ಪ್ರಶಸ್ತಿ ಸಬಲೆಂಕಾಗೇ ಸಿಕ್ಕಿತು. ಆದರೆ ಆ ಪಂದ್ಯದಿಂದ ನನ್ನ ನೋಟ್‌ಬುಕ್ಕಿಗೆ ದಕ್ಕಿದ್ದು ಒಂದೂವರೆ ಸಾಲು.

ಇನ್ನು ಮಂಗಳವಾರದ ವಿಷಯ. ಸುಮಿತ್ ನಗಾಲ್ ಹೆಸರಿಗೆ ನಾನು ಗುರುತು ಹಾಕಿದ್ದು ಭಾರತೀಯ ಎಂಬ ಒಂದೇ ಕಾರಣಕ್ಕಲ್ಲ. ಮೇಲೆ ಹೇಳಿದ ಎರಡೂ ಬಗೆಗಳಿಗೆ ಅವರ ಪಂದ್ಯ ಸೇರುತ್ತಿತ್ತು. ಅರ್ಹತಾ ಸುತ್ತಿನ ಮೂರು ಪಂದ್ಯಗಳನ್ನೂ ಒಂದು ಸೆಟ್ ಕೂಡ ಬಿಡದೆ ಗೆದ್ದಿದ್ದರು. ಕೊನೆಯ ಸುತ್ತಿನಲ್ಲಿ ಸ್ಲೊವಾಕಿಯಾದ ಅಲೆಕ್ಸ್ ಮೋಲ್ಚಾನ್ ಅವರನ್ನು 6-4, 6-4ರಿಂದ ಸೋಲಿಸಿದ್ದರು. ಎದುರಿಗೆ ಸಿಕ್ಕಿದವರು 31ನೇ ಶ್ರೇಯಾಂಕದ (ಟೂರ್ನಿಗೆ ಮೊದಲೇ ಬಲಿಷ್ಠರಿಗೆ ಕೊಡುವ ಕ್ರಮಾಂಕ), ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್: ಆರೂಕಾಲು ಅಡಿ ದಾಟಿದ ಎತ್ತರ, ಬಿರುಸಾದ ಸರ್ವ್, ಮನಸ್ಸು ಬಂದಾಗ ಕೈ ಕೆಳಗಿನಿಂದಲೂ ಸರ್ವ್ ಮಾಡುವ, ರ‍್ಯಾಲಿಯ ಮಧ್ಯೆ ಸುಮ್ಮನೆ ಡ್ರಾಪ್ ಶಾಟ್ ಇಳಿಸುವ ಆಟಗಾರ. ನಗಾಲ್, ಬುಬ್ಲಿಕ್‌ಗಿಂತ ಅರ್ಧ ಅಡಿಗೂ ಹೆಚ್ಚು ಗಿಡ್ಡ. ಸರ್ವ್ ಅವರ ಬಲವಲ್ಲ, ಬಲವೆಲ್ಲ ಕಾಲುಗಳಲ್ಲಿ ಮತ್ತು ಫೋರ್‌ಹ್ಯಾಂಡ್‌ನಲ್ಲಿ. ಬುಬ್ಲಿಕ್ ಅವರಂಥವರಿಗೆ ಇಂಥ ಎದುರಾಳಿ ಎಂದರೆ ಬೇಸರ. ಗೆದ್ದೆ ಎಂದುಕೊಂಡ ಪಾಯಿಂಟನ್ನು ಮತ್ತೆ ಎರಡು ಬಾರಿ ಗೆಲ್ಲಬೇಕಾಗುತ್ತದೆ.

ಹಾಗಾಗಿ ನಾನು ಗಮನವಿಟ್ಟದ್ದು ಬುಬ್ಲಿಕ್ ತಮ್ಮ ಸರ್ವ್ ಕಳೆದುಕೊಂಡ ನಂತರದ ಗೇಮ್‌ಗಳ ಮೇಲೆ. ಅಲ್ಲಿ ಅವರು ತಾಳ್ಮೆಯಿಂದ ಆಡಿದರೆ ಪಂದ್ಯ ಅವರದು. ಬೇಗ ಮುಗಿಸಿಬಿಡುವ ಆತುರ ತೋರಿದರೆ ನಗಾಲ್ ಅವರದು. ಆತುರವೇ ಕಂಡಿತು. ಮೊದಲ ಸೆಟ್ 6-4, ಎರಡನೆಯದು 6-2. ಮೂರನೆಯದರಲ್ಲಿ ಬುಬ್ಲಿಕ್ ಎಚ್ಚೆತ್ತು ಟೈಬ್ರೇಕರ್‌ವರೆಗೆ ಎಳೆದರು. ಆ ಘಟ್ಟದಲ್ಲಿ ನನ್ನ ಎದೆಬಡಿತ ಏರಿದ್ದು ನಿಜ, ಏಕೆಂದರೆ ಐದು ಸೆಟ್‌ಗಳ ಪಂದ್ಯದಲ್ಲಿ ಶ್ರೇಯಾಂಕಿತ ಆಟಗಾರನಿಗೆ ಒಂದು ಸೆಟ್ ಬಿಟ್ಟುಕೊಟ್ಟರೆ ಮುಂದಿನ ಎರಡು ಅವನ ಹಿಂದೆಯೇ ಹೋಗುವುದನ್ನು ಎಷ್ಟೋ ಬಾರಿ ನೋಡಿದ್ದೇನೆ. ನಗಾಲ್ 7-5ರಿಂದ ಟೈಬ್ರೇಕರ್ ಗೆದ್ದರು. ಎರಡು ಗಂಟೆ 38 ನಿಮಿಷದ ಆಟ. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತದ ಪುರುಷ ಆಟಗಾರರೊಬ್ಬರು ಶ್ರೇಯಾಂಕಿತರೊಬ್ಬರನ್ನು ಇದಕ್ಕೆ ಮೊದಲು ಸೋಲಿಸಿದ್ದು 1989ರಲ್ಲಿ, ಇದೇ ಟೂರ್ನಿಯಲ್ಲಿ. ರಮೇಶ್ ಕೃಷ್ಣನ್ ಎರಡನೆಯ ಸುತ್ತಿನಲ್ಲಿ ಆಗಿನ ವಿಶ್ವದ ನಂಬರ್ ಒನ್, ಹಾಲಿ ಚಾಂಪಿಯನ್ ಮ್ಯಾಟ್ಸ್ ವಿಲಾಂಡರ್ ಅವರನ್ನು ನೇರ ಸೆಟ್‌ಗಳಲ್ಲಿ ಹೊರಹಾಕಿದ್ದರು. ನಡುವಿನ 35 ವರ್ಷಗಳಲ್ಲಿ ನಮ್ಮವರು ಡಬಲ್ಸ್‌ನಲ್ಲಿ ಏನೆಲ್ಲ ಗೆದ್ದರೂ ಸಿಂಗಲ್ಸ್‌ನ ಈ ಸಾಲು ಖಾಲಿಯೇ ಉಳಿದಿತ್ತು.

ಆರಂಭದ ಸುತ್ತುಗಳ ಬೆಲೆಯನ್ನು ಕಪ್ಪಿನಲ್ಲಿ ಅಳೆಯುವವರಿಗೆ ಒಂದು ಲೆಕ್ಕ ಹೇಳಬೇಕು. 2023ರ ಸೆಪ್ಟೆಂಬರ್‌ನಲ್ಲಿ ತಮ್ಮ ಬ್ಯಾಂಕ್ ಖಾತೆಯಲ್ಲಿ 900 ಯೂರೊ ಮಾತ್ರ ಉಳಿದಿದೆ ಎಂದು ನಗಾಲ್ ಬಹಿರಂಗವಾಗಿ ಹೇಳಿಕೊಂಡಿದ್ದರು. ತರಬೇತುದಾರರ ಸಂಬಳ, ಫಿಸಿಯೊ, ಪ್ರಯಾಣ, ವಸತಿ ಎಲ್ಲವೂ ಆಟಗಾರನ ಜೇಬಿನಿಂದಲೇ ಹೋಗಬೇಕಾದ ಆಟ ಇದು. ಈ ಟೂರ್ನಿಯಲ್ಲಿ ಮೊದಲ ಸುತ್ತಿನಲ್ಲಿ ಸೋತವರಿಗೆ 1,20,000 ಆಸ್ಟ್ರೇಲಿಯನ್ ಡಾಲರ್, ಎರಡನೆಯ ಸುತ್ತಿನಲ್ಲಿ ಸೋತವರಿಗೆ 1,80,000 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಕೋಟಿ ರೂಪಾಯಿ. ಬುಬ್ಲಿಕ್ ಎದುರಿನ ಆ ಟೈಬ್ರೇಕರ್‌ನಲ್ಲಿ ಮುಂದಿನ ವರ್ಷವಿಡೀ ಆಡುವ ಖರ್ಚೂ ಪಣಕ್ಕಿತ್ತು. ಜೊಕೊವಿಚ್ ಆಡುವಾಗ ಇಂಥ ಸಂಗತಿ ತಲೆಗೆ ಬರುವುದಿಲ್ಲ. ನೂರರ ಆಚೆಗಿನ ರ‍್ಯಾಂಕಿಂಗ್‌ನವರು ಆಡುವಾಗ ನನಗೆ ಅದು ಬಾರದೆ ಇರುವುದಿಲ್ಲ.

ಬುಧವಾರ ಎರಡನೆಯ ಸುತ್ತು ಶುರುವಾಯಿತು. ಹದಿನಾರರ ಮಿರಾ ಆಂಡ್ರೀವಾ ತಾವೇ ಆರಾಧಿಸುವ ಆನ್ಸ್ ಜಬೇರ್ ಅವರನ್ನು 54 ನಿಮಿಷಗಳಲ್ಲಿ 6-0, 6-2ರಿಂದ ಸೋಲಿಸಿದರು. ಆರನೇ ಶ್ರೇಯಾಂಕದ ಜಬೇರ್ ಹೊರಬಿದ್ದದ್ದು ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತು. ಪಂದ್ಯವಾಗಿ ನೋಡಿದರೆ ಬರೆದಿಡುವುದಕ್ಕೆ ಹೆಚ್ಚೇನೂ ಇರಲಿಲ್ಲ.

ಬರೆದಿಡಬೇಕಾದ ದಿನವೆಂದರೆ ಗುರುವಾರ, ಜನವರಿ 18. ಅಂದು ನಗಾಲ್ ಎದುರು ಚೀನಾದ ಹದಿನೆಂಟರ ಹುಡುಗ ಶಾಂಗ್ ಜುನ್‌ಚೆಂಗ್. ಮೊದಲ ಸೆಟ್ 6-2ರಿಂದ ನಗಾಲ್ ಅವರಿಗೆ ಬಂತು. ಮುಂದಿನ ಮೂರು 3-6, 5-7, 4-6ರಿಂದ ಹೋದವು. ಎಡಗೈ ಆಟಗಾರ ಶಾಂಗ್ ಕ್ರಮೇಣ ಬೇಸ್‌ಲೈನ್‌ನ ಒಳಗೆ ನಿಂತು ಚೆಂಡನ್ನು ಏರುವಾಗಲೇ ಹೊಡೆಯತೊಡಗಿದಾಗ, ನಗಾಲ್ ಅವರ ಎರಡನೆಯ ಸರ್ವ್‌ಗೆ ರಕ್ಷಣೆ ಉಳಿಯಲಿಲ್ಲ. ಬುಬ್ಲಿಕ್ ಎದುರು ಯಾವ ಗುಣ ಗೆಲ್ಲಿಸಿತೋ, ತಾಳ್ಮೆಯುಳ್ಳ ಎದುರಾಳಿಯ ಮುಂದೆ ಅದು ಸಾಲದಾಯಿತು. ಆರಂಭದ ಸುತ್ತುಗಳಲ್ಲಿ ಗೆಲುವು ಎಷ್ಟು ಮಟ್ಟಿಗೆ ಡ್ರಾದ ಕೊಡುಗೆ ಎಂಬುದಕ್ಕೆ ಈ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ಅದೇ ದಿನ ರಾಡ್ ಲೇವರ್‌ನಲ್ಲಿ ಮೂರನೇ ಶ್ರೇಯಾಂಕದ ಎಲೆನಾ ರಿಬಾಕಿನಾ ಮತ್ತು ಅನ್ನಾ ಬ್ಲಿಂಕೋವಾ ಆಡಿದರು. ಒಂದೊಂದು ಸೆಟ್ ಹಂಚಿಕೊಂಡ ಮೇಲೆ ಮೂರನೆಯದು 6-6 ಆಯಿತು. ಇಲ್ಲಿ ನಿಯಮ ಸ್ವಲ್ಪ ವಿವರಿಸಬೇಕು. ನಿರ್ಣಾಯಕ ಸೆಟ್‌ನಲ್ಲಿ ಹತ್ತು ಪಾಯಿಂಟ್‌ಗಳ ಟೈಬ್ರೇಕರ್ ಆಡಿಸುವ ಪದ್ಧತಿಯನ್ನು ಮೆಲ್ಬರ್ನ್ 2019ರಲ್ಲಿ ತಂದಿತು, 2022ರಿಂದ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಅದೇ ಇದೆ. ಹತ್ತು ಮುಟ್ಟಿದರೆ ಸಾಲದು, ಎರಡು ಪಾಯಿಂಟ್ ಅಂತರವೂ ಬೇಕು; ಅಂತರ ಸಿಗದಿದ್ದರೆ ಅದಕ್ಕೆ ಕೊನೆಯಿಲ್ಲ. ಅಂದು ಅದು ಮುಗಿದದ್ದು 22-20ಕ್ಕೆ. ಒಟ್ಟು 42 ಪಾಯಿಂಟ್: ಗ್ರ್ಯಾಂಡ್‌ಸ್ಲಾಮ್ ಮಹಿಳಾ ಸಿಂಗಲ್ಸ್‌ನಲ್ಲಿ ಅಷ್ಟು ಉದ್ದದ ಟೈಬ್ರೇಕರ್ ಹಿಂದೆ ಆಗಿರಲಿಲ್ಲ. ಆರು ಪಾಯಿಂಟ್‌ಗೊಮ್ಮೆ ಬದಿ ಬದಲಿಸುವ ನಿಯಮದಂತೆ ಇಬ್ಬರೂ ಆರು ಬಾರಿ ಈ ಕಡೆಯಿಂದ ಆ ಕಡೆಗೆ ನಡೆದರು. ರಿಬಾಕಿನಾ ಅವರ ಆರು ಮ್ಯಾಚ್ ಪಾಯಿಂಟ್‌ಗಳು ಕೈತಪ್ಪಿದವು; ಬ್ಲಿಂಕೋವಾ ಗೆದ್ದದ್ದು ತಮ್ಮ ಹತ್ತನೆಯದರಲ್ಲಿ. ನೋಟ್‌ಬುಕ್ಕಿನ ಒಂದು ಸಾಲಿಗೆ ಅಷ್ಟು ಗೀಟುಗಳು ಹಿಡಿಸಲಿಲ್ಲ, ಅಂಚಿನುದ್ದಕ್ಕೂ ಮೇಲಕ್ಕೆ ಬರೆದುಕೊಂಡು ಹೋಗಬೇಕಾಯಿತು. ಯಾರು ಗೆಲ್ಲಲಿ ಎಂದು ಬಯಸುವುದನ್ನು ನಾನು ಹದಿನೈದು-ಹದಿನೈದರ ಆಸುಪಾಸಿನಲ್ಲಿ ಬಿಟ್ಟುಬಿಟ್ಟೆ. ಸರ್ವ್‌ನ ಬಲದಿಂದಲೇ ವಿಂಬಲ್ಡನ್ ಗೆದ್ದ ರಿಬಾಕಿನಾ ಅವರ ಎದುರು ಬ್ಲಿಂಕೋವಾ ಕೊನೆಯ ಅರ್ಧ ಗಂಟೆಯಲ್ಲೂ ರಿಟರ್ನ್ ಮಾಡುವಾಗ ಹಿಂಜರಿದದ್ದು ನನಗೆ ಕಾಣಲಿಲ್ಲ.

ಇದೆಲ್ಲ ತಡವಾದ್ದರಿಂದ ಡೇನಿಯಲ್ ಮೆಡ್ವೆಡೆವ್ ಮತ್ತು ಫಿನ್ಲೆಂಡಿನ ಎಮಿಲ್ ರೂಸುವೂರಿ ಅಂಕಣಕ್ಕಿಳಿದಾಗ ಅಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ತಡರಾತ್ರಿಯ ಪಂದ್ಯಗಳನ್ನು ತಪ್ಪಿಸಲೆಂದೇ ಟೂರ್ನಿಯನ್ನು ಒಂದು ದಿನ ಹಿಗ್ಗಿಸಿದ್ದು ಎಂದು ಆಯೋಜಕರು ಹೇಳಿದ್ದರು. ಆದರೂ ಮೆಡ್ವೆಡೆವ್ ಎರಡು ಸೆಟ್ ಹಿಂದಿದ್ದು, 3-6, 6-7, 6-4, 7-6, 6-0ರಿಂದ ಗೆದ್ದಾಗ ಅಲ್ಲಿ ಬೆಳಗಿನ ಜಾವ 3 ಗಂಟೆ 39 ನಿಮಿಷ. ತಾನು ಪ್ರೇಕ್ಷಕನಾಗಿದ್ದರೆ ಇಷ್ಟು ಹೊತ್ತು ಕೂರುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಉಳಿದಿದ್ದ ಜನರ ಮುಂದೆ ಅವರೇ ಆಡಿದರು. ನಮ್ಮಲ್ಲಿ ಆಗ ಹತ್ತೂ ಒಂಬತ್ತು, ರಾತ್ರಿಯ ಊಟ ಮುಗಿದಿತ್ತಷ್ಟೆ. ಈ ಪಂದ್ಯದಲ್ಲಿ ನಾನು ನೋಡುತ್ತಿದ್ದದ್ದು ರೂಸುವೂರಿ ಅವರ ಕಾಲುಗಳನ್ನು. ಮೆಡ್ವೆಡೆವ್ ಬೇಸ್‌ಲೈನ್‌ನಿಂದ ಬಹಳ ಹಿಂದೆ ನಿಂತು ಆಡುವುದರಿಂದ ಅವರನ್ನು ದಾಟಿ ಹೊಡೆಯಲು ಪ್ರತಿ ಪಾಯಿಂಟ್‌ಗೂ ದುಪ್ಪಟ್ಟು ದುಡಿಯಬೇಕು; ಎರಡೂವರೆ ಸೆಟ್ ಹಾಗೆ ದುಡಿದವರ ಬಳಿ ಐದನೆಯದಕ್ಕೆ ಏನೂ ಮಿಗಲಿಲ್ಲ. ಮೆಡ್ವೆಡೆವ್ ಫೈನಲ್‌ವರೆಗೂ ಹೋಗಿ, ಅಲ್ಲಿ ತಾವೇ ಎರಡು ಸೆಟ್ ಮುಂದಿದ್ದು ಯಾನಿಕ್ ಸಿನ್ನರ್‌ಗೆ ಸೋತರು.

ಡಬಲ್ಸ್‌ನ ಆರಂಭದ ಸುತ್ತುಗಳನ್ನು ಟಿವಿಯಲ್ಲಿ ಹಿಡಿಯುವುದೇ ಒಂದು ಕಸುಬು. ಆ್ಯಪ್‌ನಲ್ಲಿ ಅಂಕಣದ ಸಂಖ್ಯೆ ಹುಡುಕಬೇಕು, ಸಿಗದಿದ್ದರೆ ಅಂಕಿಗಳು ಬದಲಾಗುವುದನ್ನೇ ನೋಡುತ್ತ ಕೂರಬೇಕು. ಕೊಡಗಿನ ರೋಹನ್ ಬೋಪಣ್ಣ ಮತ್ತು ಮ್ಯಾಥ್ಯೂ ಎಬ್ಡೆನ್ ಎರಡನೇ ಶ್ರೇಯಾಂಕದ ಜೋಡಿಯಾಗಿದ್ದರೂ ಮೊದಲ ಸುತ್ತಿನಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಡಕ್‌ವರ್ತ್ ಮತ್ತು ಮಾರ್ಕ್ ಪೋಲ್ಮನ್ಸ್ ಅವರನ್ನು ದಾಟಲು ಮೂರು ಸೆಟ್ ಬೇಕಾದವು: 7-6, 4-6, 7-6, ಕೊನೆಯ ಟೈಬ್ರೇಕರ್ 10-2. ಮೂರನೆಯ ಸೆಟ್ 6-6 ಆಗುವವರೆಗೆ ಆ ಪಂದ್ಯ ಯಾವ ಕಡೆಗಾದರೂ ವಾಲಬಹುದಿತ್ತು. ಟೈಬ್ರೇಕರ್ ಶುರುವಾದ ಮೇಲೆ ಮಾತ್ರ, ಮಂಡಿಯ ಮೃದ್ವಸ್ಥಿ ಸವೆದು ಅಯ್ಯಂಗಾರ್ ಯೋಗದ ನೆರವಿನಿಂದ ಆಡುತ್ತಿದ್ದ 43ರ ಬೋಪಣ್ಣ ಅವರ ಅನುಭವವೆಲ್ಲ ಒಮ್ಮೆಗೇ ಲೆಕ್ಕಕ್ಕೆ ಬಂದಂತಾಯಿತು. ಎರಡನೆಯ ಸುತ್ತಿನಲ್ಲಿ ಎದುರಾದ ಜೋಡಿಯಲ್ಲಿ ಎಡ್ವರ್ಡ್ ವಿಂಟರ್ ಇದ್ದರು. ಇದೇ ಯುವಕನನ್ನು ನಗಾಲ್ ಅರ್ಹತಾ ಸುತ್ತಿನಲ್ಲಿ ಸೋಲಿಸಿದ್ದರು. ಒಂದೇ ಟೂರ್ನಿಯಲ್ಲಿ ಇಬ್ಬರು ಭಾರತೀಯರ ಕೈಯಲ್ಲಿ ಎರಡು ಬೇರೆ ಆಟಗಳಲ್ಲಿ ಸೋತವರು ಹೆಚ್ಚು ಮಂದಿ ಇರಲಾರರು.

ಕ್ವಾರ್ಟರ್ ಫೈನಲ್ ಗೆದ್ದು ಬೋಪಣ್ಣ ಡಬಲ್ಸ್‌ನ ವಿಶ್ವದ ನಂಬರ್ ಒನ್ ಆಗುವುದು ಖಚಿತವಾದ ಮೇಲೆ ಅಂಕಣದ ಸಂಖ್ಯೆ ಹುಡುಕುವ ಕೆಲಸ ತಪ್ಪಿತು. ಜನವರಿ 27ರ ಫೈನಲ್‌ನಲ್ಲಿ ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರೆಯಾ ವವಸ್ಸೋರಿ ಅವರನ್ನು 7-6, 7-5ರಿಂದ ಸೋಲಿಸುವುದನ್ನು ನಮ್ಮ ಬೀದಿಯಲ್ಲಿ ಟೆನಿಸ್‌ನ ಗಂಧಗಾಳಿ ಇಲ್ಲದವರೂ ನೋಡಿದರು. ಡಕ್‌ವರ್ತ್ ಜೋಡಿಯ ಎದುರಿನ ಪಂದ್ಯದ ಬಗ್ಗೆ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಹಿರಿಯರು, ಎಬ್ಡೆನ್ ಯಾವ ದೇಶದವರು ಎಂದು ಕೇಳಿದಾಗ ನಾನು ಅಲ್ಲಿಂದಲೇ ಶುರುಮಾಡಿ ಹೇಳಬೇಕಾಯಿತು.