ಹಾರುವ ಸಿರಿಂಜು: ಬಯಲಲ್ಲಿ ಮೇಯುವ ದನಕ್ಕೆ ಡಾರ್ಟ್ ಗನ್ನಿನಿಂದ ಔಷಧ ಕೊಡುವುದು ಹೇಗೆ?

ಡಾರ್ಟ್ ಗನ್ ಅಂದ ಕೂಡಲೇ ನಮಗೆ ನೆನಪಾಗುವುದು ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ನುಗ್ಗಿದ ಆನೆ, ಅದಕ್ಕೆ ಮತ್ತು ಬರಿಸಲು ಹೊರಟ ಅರಣ್ಯ ಇಲಾಖೆಯ ತಂಡ. ಅಮೆರಿಕ, ಕೆನಡಾದಲ್ಲಿ ದನ ಸಾಕುವವರ ಕೈಯಲ್ಲೂ ಇಂಥದೇ ಗನ್ ಇದೆ. ಆದರೆ ಅದರಲ್ಲಿ ಮತ್ತಿನ ಔಷಧ ಇರುವುದಿಲ್ಲ, ಆಂಟಿಬಯೋಟಿಕ್ ಇರುತ್ತದೆ.

ನಮ್ಮಲ್ಲಿ ಹಸುವಿಗೆ ಹುಷಾರಿಲ್ಲ ಅಂದರೆ ಕೊಟ್ಟಿಗೆಯಲ್ಲೇ ಒಬ್ಬರು ಮೂಗುದಾರ ಹಿಡಿದು ನಿಂತರೆ ಸಾಕು, ಡಾಕ್ಟರು ಸೂಜಿ ಚುಚ್ಚಿ ಕಾಫಿ ಕುಡಿದು ಹೋಗುತ್ತಾರೆ. ಅಲ್ಲಿ ಮಾಂಸಕ್ಕಾಗಿ ಸಾಕಿದ ದನಗಳು ನೂರಾರು ಎಕರೆ ಹುಲ್ಲುಗಾವಲಿನಲ್ಲಿ ಓಡಾಡಿಕೊಂಡಿರುತ್ತವೆ, ಮನುಷ್ಯ ಹತ್ತಿರ ಬಂದರೆ ಕಾಲ್ಕೀಳುತ್ತವೆ. ಗೊರಸು ಕೊಳೆತು ಕುಂಟುತ್ತಿರುವ ಒಂದೇ ಒಂದು ಕರುವನ್ನು ಅಷ್ಟು ದೂರದಿಂದ, ದನವನ್ನು ಅಲುಗಾಡದಂತೆ ನಿಲ್ಲಿಸುವ ಚೌಕಟ್ಟಾದ ಟ್ರೆವಿಸ್‌ವರೆಗೆ ಅಟ್ಟಿಕೊಂಡು ಬರುವಷ್ಟರಲ್ಲಿ ಅದರ ಕಾಲು ಇನ್ನಷ್ಟು ಕೆಟ್ಟಿರುತ್ತದೆ. ಕುದುರೆ ಮೇಲಿಂದ ಹಗ್ಗ ಬೀಸಿ ಹಿಡಿಯಲು ಎಲ್ಲರಿಗೂ ಬರುವುದಿಲ್ಲ. ಆಗ ಡಾರ್ಟ್. ಅದೂ ಬೇರೆ ದಾರಿ ಇಲ್ಲದಾಗ ಮಾತ್ರ.

ಮೊದಲು ಲೆಕ್ಕ

ಗನ್ ಎತ್ತುವ ಮುಂಚೆ ಪಶುವೈದ್ಯರ ಚೀಟಿ ಬೇಕು. ಮನುಷ್ಯರಿಗೂ ಬೇಕಾದ ಆಂಟಿಬಯೋಟಿಕ್‌ಗಳು ಕೆನಡಾದಲ್ಲಿ 2018ರ ಡಿಸೆಂಬರ್‌ನಿಂದ, ಅಮೆರಿಕದಲ್ಲಿ 2023ರ ಜೂನ್‌ನಿಂದ ಚೀಟಿ ಇಲ್ಲದೆ ಸಿಗುವುದಿಲ್ಲ.

ಆಮೇಲೆ ದನದ ತೂಕ ಅಂದಾಜು ಮಾಡಿ. ಇಲ್ಲೇ ಜಾಸ್ತಿ ಜನ ಎಡವುವುದು. ದೊಡ್ಡ ಡಾರ್ಟಿಗೆ ಹಿಡಿಯುವುದೇ ಸುಮಾರು 10 ಮಿಲಿ. ಹಳೆಯ ಕಾಲದ ಆಂಟಿಬಯೋಟಿಕ್ ಆಕ್ಸಿಟೆಟ್ರಾಸೈಕ್ಲಿನ್ (ಮಿಲಿಗೆ 200 ಮಿ.ಗ್ರಾಂ. ಇರುವಂಥದ್ದು) 10 ಕೆ.ಜಿ. ತೂಕಕ್ಕೆ 1 ಮಿಲಿ ಬೇಕು. ಅಂದರೆ 450 ಕೆ.ಜಿ. ಹಸುವಿಗೆ 45 ಮಿಲಿ, ಐದು ಡಾರ್ಟ್! ಮೊದಲ ಡಾರ್ಟ್ ತಗುಲಿದ ಮೇಲೆ ಆ ಹಸು ಇನ್ನು ನಾಲ್ಕಕ್ಕೆ ನಿಂತುಕೊಂಡಿರುತ್ತದಾ? ಟುಲಾಥ್ರೊಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಆದರೆ 40 ಕೆ.ಜಿ.ಗೆ 1 ಮಿಲಿ ಸಾಕು, 200 ಕೆ.ಜಿ. ಕರುವಿಗೆ 5 ಮಿಲಿ, ಒಂದೇ ಡಾರ್ಟಿನಲ್ಲಿ ಮುಗಿಯುತ್ತದೆ. ಆದರೆ ಅದನ್ನು ಚರ್ಮದಡಿ ಕೊಡಬೇಕು ಎಂದು ಲೇಬಲ್ ಹೇಳುತ್ತದೆ, ಡಾರ್ಟಿನ ಸೂಜಿಯೋ ಮಾಂಸಖಂಡಕ್ಕೆ ಇಳಿದುಬಿಡಬಹುದು. ಹಾಗಾಗಿ ಕೊಡಬಹುದೇ, ಕೊಟ್ಟ ಮೇಲೆ ಎಷ್ಟು ದಿನ ಕಸಾಯಿಖಾನೆಗೆ ಕಳಿಸಬಾರದು ಎಂದು ವೈದ್ಯರೇ ಹೇಳಬೇಕು. ಅಮೆರಿಕದ ಲೇಬಲ್ಲಿನ 18 ದಿನದ ಲೆಕ್ಕವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ.

ಟಿಲ್ಮಿಕೋಸಿನ್ ಎಂಬ ಆಂಟಿಬಯೋಟಿಕ್ ಅನ್ನು ಮಾತ್ರ ಯಾವ ಕಾರಣಕ್ಕೂ ಡಾರ್ಟಿಗೆ ತುಂಬಬೇಡಿ. ಅದು ಅಪ್ಪಿತಪ್ಪಿ ಮನುಷ್ಯರ ಮೈಗೆ ಹೊಕ್ಕರೆ ಹೃದಯಕ್ಕೇ ಕುತ್ತು, ಪ್ರಾಣವೇ ಹೋಗಬಹುದು.

ತುಂಬುವುದು, ಗುರಿ ಇಡುವುದು

ಡಾರ್ಟ್ ಅಂದರೆ ಹಾರುವ ಸಿರಿಂಜು, ಅಷ್ಟೇ. ಮುಂದೆ ಸೂಜಿ, ನಡುವೆ ಔಷಧ, ಅದರ ಹಿಂದೆ ರಬ್ಬರ್ ಬಿರಡೆ, ಬಿರಡೆಯ ಹಿಂದೆ ಚಿಟಿಕೆಯಷ್ಟು ಸಿಡಿಮದ್ದು, ಕೊನೆಗೆ ನೇರ ಹಾರಲು ಬಾಲ. ಮೈಗೆ ಬಡಿದ ಏಟಿಗೆ ಮದ್ದು ಸಿಡಿಯುತ್ತದೆ, ಬಿರಡೆ ಮುಂದೆ ನುಗ್ಗಿ ಔಷಧ ಒಳಗೆ ಹೋಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಕೈಗವಸು ಹಾಕಿಕೊಂಡು, ಸೂಜಿಯ ತುದಿ ಯಾರ ಕಡೆಗೂ ತಿರುಗದಂತೆ ತುಂಬಿ. ಒಮ್ಮೆ ಬಳಸಿದ ಡಾರ್ಟನ್ನು ಮತ್ತೆ ತುಂಬುವ ಕಂಜೂಸುತನ ಬೇಡ.

ಔಷಧವಿಲ್ಲದ ಅಭ್ಯಾಸದ ಡಾರ್ಟುಗಳು ಸಿಗುತ್ತವೆ. ಅವನ್ನು ರಟ್ಟಿನ ಪೆಟ್ಟಿಗೆಗೆ ಹೊಡೆದು ಹೊಡೆದು ಕೈ ಕೂರಿಸಿಕೊಳ್ಳಿ. ಇಲ್ಲಿ ಕಲಿಯಬೇಕಾದದ್ದು ಗುರಿಗಿಂತ, ಗನ್ನಿನಲ್ಲಿ ಡಾರ್ಟನ್ನು ತಳ್ಳುವ ಗಾಳಿಯ ಒತ್ತಡ: ಎಷ್ಟು ದೂರಕ್ಕೆ ಎಷ್ಟು ಗಾಳಿ ಅನ್ನುವುದು. ದೂರಕ್ಕೆ ಹೊಂದಿಸಿದ ಒತ್ತಡದಲ್ಲೇ ಹತ್ತಿರದಿಂದ ಹೊಡೆದರೆ ಡಾರ್ಟ್ ಗುಂಡಿನಂತೆ ನಾಟಿ ಮೂಳೆಯನ್ನೂ ಮುರಿಯಬಹುದು. ಕಮ್ಮಿಯಾದರೆ ಬಡಿದು ಕೆಳಗೆ ಬೀಳುತ್ತದೆ, ಔಷಧ ಹುಲ್ಲಿಗೆ. ಕಾರ್ಬನ್ ಡೈಆಕ್ಸೈಡ್ ಗನ್ ಆದರೆ ಚಳಿಯಲ್ಲಿ ಒತ್ತಡ ತಾನಾಗೇ ಇಳಿಯುತ್ತದೆ, ಆದ್ದರಿಂದ ಮಧ್ಯಾಹ್ನ ಅಭ್ಯಾಸ ಮಾಡಿದ ಲೆಕ್ಕ ಮುಂಜಾನೆಗೆ ಹೊಂದುವುದಿಲ್ಲ.

ಹೊಡೆಯಬೇಕಾದ ಜಾಗ ಒಂದೇ. ಭುಜದ ಮುಂದೆ, ಕತ್ತಿನ ಪಕ್ಕದ ತ್ರಿಕೋನ. ಮೇಲಿನ ಗಟ್ಟಿ ನರದ ಅಂಚು ಬೇಡ, ಕೆಳಗಿನ ಕುತ್ತಿಗೆ ಮೂಳೆ ಬೇಡ, ಎರಡರ ನಡುವೆ. ತೊಡೆ ದೊಡ್ಡದಾಗಿ ಕಾಣುತ್ತದೆ, ಕೈ ತುರಿಸುತ್ತದೆ, ಆದರೂ ಬೇಡ: ಚುಚ್ಚಿದ ಕಡೆ ಮಾಂಸ ಗಂಟು ಕಟ್ಟಿ ಹಾಳಾಗುತ್ತದೆ, ತೊಡೆಯದ್ದು ಬೆಲೆಬಾಳುವ ಮಾಂಸ. ದನ ಪಕ್ಕಕ್ಕೆ ತಿರುಗಿ, ತಲೆ ಎತ್ತಿ, ಸುಮ್ನೆ ನಿಲ್ಲುವವರೆಗೂ ಕಾಯಿರಿ. ಹಿಂದೆ ಇನ್ನೊಂದು ದನವೋ ಮನುಷ್ಯನೋ ರಸ್ತೆಯೋ ಇದ್ದರೆ ಹೊಡೆಯಲೇಬೇಡಿ. ಜೋರು ಗಾಳಿ ಇದ್ದರೂ ಅಷ್ಟೇ, ನಾಳೆ ನೋಡೋಣ ಅಂತ ವಾಪಸ್ ಬನ್ನಿ.

ಡಾರ್ಟ್ ಹುಡುಕಿ

ಡಾರ್ಟ್ ತಗುಲಿತು, ದನ ಒಮ್ಮೆ ನೆಗೆದು ಓಡಿತು. ಕೆಲಸ ಮುಗಿಯಿತು ಅಂದುಕೊಂಡಿರಾ? ಅರ್ಧ ಕೆಲಸ ಈಗ ಶುರು.

ಸೂಜಿಗೆ ಜೆಲ್ಲಿನ ಪಟ್ಟಿ ಇದ್ದರೆ ಮೈಯ ಬಿಸಿಗೆ ಅದು ಕರಗಿ ಡಾರ್ಟ್ ಬಿದ್ದುಹೋಗುತ್ತದೆ. ಎಲ್ಲಿ ಬಿತ್ತು ನೋಡಿಕೊಳ್ಳಿ, ಎತ್ತಿಕೊಂಡು ಬಿರಡೆ ಪೂರ್ತಿ ಮುಂದೆ ಹೋಗಿದೆಯೇ ಪರೀಕ್ಷಿಸಿ. ಟುಲಾಥ್ರೊಮೈಸಿನ್ ಬಗ್ಗೆ 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈಯಿಂದ ಚುಚ್ಚಿದ ಕರುಗಳಿಗಿಂತ ಡಾರ್ಟ್ ತಗುಲಿದ ಕರುಗಳ ರಕ್ತದಲ್ಲಿ ಔಷಧ ಕಮ್ಮಿ ಇತ್ತು, ಗಾಬರಿಯೂ ಚುಚ್ಚಿದ ಕಡೆ ಊತವೂ ಜಾಸ್ತಿ ಇತ್ತು. ಆದ್ದರಿಂದ ಔಷಧ ಅರ್ಧ ಉಳಿದಿದ್ದರೆ ನೀವೇ ಇನ್ನೊಂದು ಹೊಡೆಯಬೇಡಿ, ವೈದ್ಯರಿಗೆ ಫೋನ್ ಮಾಡಿ.

ಕಿವಿಯೋಲೆ ನಂಬರ್, ಔಷಧ, ಪ್ರಮಾಣ, ತಾರೀಖು, ಕತ್ತಿನ ಯಾವ ಪಕ್ಕ, ಎಲ್ಲ ಅಲ್ಲೇ ನಿಂತು ಬರೆದುಕೊಳ್ಳಿ. ಮನೆಗೆ ಹೋಗಿ ಬರೆಯೋಣ ಅಂದರೆ ನಂಬರ್ 214ಓ 241ಓ ಮರೆತಿರುತ್ತದೆ.

ಡಾರ್ಟ್ ಸಿಗಲೇ ಇಲ್ಲ ಅಂದರೆ? ಹುಲ್ಲಿನಲ್ಲಿ ಉಳಿದ ಸೂಜಿಯನ್ನು ಇನ್ನೊಂದು ದನ ಮೇವಿನ ಜೊತೆ ನುಂಗಿದರೆ ಹೊಟ್ಟೆಗೆ ಚುಚ್ಚುತ್ತದೆ. ಮೈಯಲ್ಲೇ ಮುರಿದು ಉಳಿದರೆ ಯಾರದೋ ತಟ್ಟೆಗೆ ಹೋಗುತ್ತದೆ. ಅಂಥ ದನದ ನಂಬರ್ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಮಾರುವಾಗ ಕೊಳ್ಳುವವರಿಗೆ ಆ ಪುಟ ತೋರಿಸಿಯೇ ಮಾರಿ, ರೇಟು ಇಳಿದರೆ ಇಳಿಯಲಿ.