ಮಗು ಇನ್ನೂ ಮಾತಾಡುತ್ತಿಲ್ಲವೇ? ಥೆರಪಿ ಜೊತೆಗೆ ಮನೆಯಲ್ಲಿ ಏನು ಮಾಡಬೇಕು

ಎರಡು ವರ್ಷದ ಮಗು ಮಾತಾಡುತ್ತಿಲ್ಲ ಅಂದರೆ ಸಾಕು, ಸಮಾಧಾನ ಹೇಳುವವರು ಬೇಕಾದಷ್ಟು ಜನ. ಗಂಡು ಮಕ್ಕಳು ಸ್ವಲ್ಪ ತಡ, ಅವರಪ್ಪ ಬಾಯಿ ಬಿಟ್ಟಿದ್ದೇ ಮೂರು ವರ್ಷಕ್ಕೆ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಅಂತ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತು ನಂಬಿಕೊಂಡು ಆರು ತಿಂಗಳು ಕಾಯಬೇಡಿ. ತಡವಾಗಿ ಮಾತು ಕಲಿಯುವ ಎಷ್ಟೋ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ, ನಿಜ. ನಿಮ್ಮ ಮಗು ಅವರಲ್ಲಿ ಒಂದೋ ಅಲ್ಲವೋ ಎಂದು ಈಗಲೇ ಖಚಿತವಾಗಿ ಹೇಳುವುದು ಮಾತ್ರ ಯಾರಿಂದಲೂ ಆಗುವುದಿಲ್ಲ. ಬೇಗ ತೋರಿಸಿದರೆ ನಷ್ಟವಿಲ್ಲ.

ತೋರಿಸಬೇಕೋ ಬೇಡವೋ ಎಂಬ ಗೊಂದಲ ಇದ್ದರೆ ಹೀಗೆ ನೋಡಿ. 12 ತಿಂಗಳಿಗೆ ಬಬಬ, ದದದ ಎಂಬ ತೊದಲು ಇರಬೇಕು, ಕೈ ಬೀಸುವುದು, ಬೆರಳು ಮಾಡಿ ತೋರಿಸುವುದು ಇಂಥವು ಶುರುವಾಗಿರಬೇಕು. 16 ತಿಂಗಳಾದರೂ ಒಂದೂ ಪದ ಇಲ್ಲ, 24 ತಿಂಗಳಾದರೂ 'ಅಮ್ಮ ಬಾ', 'ನೀರು ಕೊಡು' ಅಂತ ಎರಡು ಪದ ಸೇರಿಸುತ್ತಿಲ್ಲ ಅಂದರೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ, ಹೇಳಿದ್ದು ಅರ್ಥವಾದಂತೆ ಕಾಣುವುದಿಲ್ಲ ಅಂದರೂ ಅಷ್ಟೇ. ಬರುತ್ತಿದ್ದ ಪದಗಳು ನಿಂತುಹೋದರೆ ವಯಸ್ಸು ಎಷ್ಟೇ ಇರಲಿ, ಒಂದು ವಾರವೂ ತಡ ಮಾಡಬೇಡಿ.

ಪದ ಎಣಿಸುವಾಗ ಜಿಪುಣತನ ಬೇಡ. ನೀರಿಗೆ 'ನೀ' ಅಂದರೂ, ನಾಯಿಗೆ 'ಬೌ' ಅಂದರೂ, ಪ್ರತಿ ಸಲ ಅದಕ್ಕೇ ಅನ್ನುತ್ತಿದ್ದರೆ ಅದು ಪದವೇ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡರ ಪದಗಳನ್ನೂ ಸೇರಿಸಿ ಎಣಿಸಿ. ಎರಡು ಭಾಷೆ ಇರುವುದರಿಂದ ಮಾತು ತಡವಾಗುವುದಿಲ್ಲ, ಹಾಗಾಗಿ ಮನೆಮಾತು ಬಿಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಮೊದಲ ಕೆಲಸ ಕಿವಿ ಪರೀಕ್ಷೆ. ಚಿಪ್ಸ್ ಪೊಟ್ಟಣದ ಸದ್ದಿಗೆ ಪಕ್ಕದ ಕೋಣೆಯಿಂದ ಓಡಿಬರುತ್ತಾನೆ, ಕಿವಿ ಚೆನ್ನಾಗಿಯೇ ಇದೆ ಎಂದು ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ಅದು ಸಾಲದು. ಕೆಲವು ಮಕ್ಕಳಿಗೆ ದೊಡ್ಡ ಸದ್ದು ಕೇಳುತ್ತದೆ, ಸಣ್ಣ ದನಿಯ 'ಸ', 'ಶ' ಥರದ ಸದ್ದು ಕೇಳುವುದಿಲ್ಲ. ಶೀತ ಆದಾಗಲೆಲ್ಲ ಕಿವಿಪೊರೆಯ ಹಿಂದೆ ದ್ರವ ತುಂಬಿಕೊಳ್ಳುವ ಮಕ್ಕಳಿಗೆ ಒಂದು ವಾರ ಕೇಳಿಸಿದ್ದು ಇನ್ನೊಂದು ವಾರ ಮಂಕಾಗಿರುತ್ತದೆ, ಮತ್ತು ನೋವಿಲ್ಲದ ಕಾರಣ ಯಾರಿಗೂ ಗೊತ್ತೇ ಆಗುವುದಿಲ್ಲ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಈಗ ಮತ್ತೊಮ್ಮೆ ಮಾಡಿಸಿ. ಓಎಇ (ಸದ್ದಿಗೆ ಒಳಗಿವಿ ಹೇಗೆ ಸ್ಪಂದಿಸುತ್ತದೆ ಎಂದು ನೋಡುವುದು), ಬೆರಾ (ಸದ್ದಿಗೆ ಕಿವಿಯ ನರ, ಮೆದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವುದು) ಎಂಬ ಪರೀಕ್ಷೆಗಳಿಗೆ ಮಗು ಉತ್ತರ ಕೊಡಬೇಕಾಗಿಲ್ಲ. ಬೆರಾ ಮಾಡುವಾಗ ಮಗು ನಿದ್ದೆಯಲ್ಲಿರಬೇಕಾಗುತ್ತದೆ, ಹಾಗಾಗಿ ನಿದ್ದೆಯ ಹೊತ್ತು ನೋಡಿಕೊಂಡು ಸಮಯ ಕೇಳಿ. ಇನ್ನು, ನಾಲಿಗೆ ಕೆಳಗಿನ ಎಳೆ ಕತ್ತರಿಸಿದರೆ ಮಾತು ಬರುತ್ತದೆ ಎಂಬ ಸಲಹೆಯೂ ಬರುತ್ತದೆ. ಆ ಎಳೆಯಿಂದ ಒಂದೆರಡು ಅಕ್ಷರ ತೊಡಕಾಗಬಹುದು, ಮಗು ಮಾತೇ ಆಡದಿರುವುದಕ್ಕೆ ಅದು ಕಾರಣವಲ್ಲ.

ಸ್ಪೀಚ್ ಥೆರಪಿ ಶುರುವಾದಾಗ ಮೊದಲಿಗೆ ಇದೇನು ಬರೀ ಆಟ ಅನ್ನಿಸುತ್ತದೆ. ಈ ವಯಸ್ಸಿಗೆ ಆಟವೇ ಥೆರಪಿ. ನೀವು ಹೊರಗೆ ಕೂತು ಫೋನ್ ನೋಡುವ ಬದಲು ಒಳಗೆ ಕೂತುಕೊಳ್ಳಲು ಕೇಳಿ. ಥೆರಪಿಸ್ಟ್ ಎಲ್ಲಿ ಸುಮ್ಮನಾಗುತ್ತಾರೆ, ಮಗು ಏನು ಮಾಡಿದಾಗ ಏನು ಹೇಳುತ್ತಾರೆ ಎಂದು ಗಮನಿಸಿ. ಹೊರಡುವ ಮುಂಚೆ 'ಈ ವಾರ ಮನೆಯಲ್ಲಿ ಯಾವ ಒಂದು ಕೆಲಸ ಮಾಡಲಿ, ಯಾವ ಹೊತ್ತಿನಲ್ಲಿ' ಎಂದು ಕೇಳಿ. ವಾರಕ್ಕೆ ಒಂದೋ ಎರಡೋ ಗಂಟೆ ಅವರದು, ಉಳಿದ ಗಂಟೆಗಳೆಲ್ಲ ನಿಮ್ಮವು ಅಲ್ವಾ.

ಆ ಗಂಟೆಗಳಲ್ಲಿ ಬದಲಾಗಬೇಕಾದ್ದು ನಾವು ಮಾತಾಡುವ ರೀತಿ. ಮಗು ಮಾತಾಡದಿದ್ದಾಗ ನಮಗೆ ಗೊತ್ತಿಲ್ಲದೆ ಪ್ರಶ್ನೆ ಜಾಸ್ತಿಯಾಗುತ್ತದೆ: ಇದೇನು? ಇದು ಯಾವ ಬಣ್ಣ? ಕಾಗೆ ಹೇಗೆ ಕೂಗುತ್ತೆ? ಹೇಳು, ಹೇಳು ಪುಟ್ಟಾ. ಉತ್ತರ ಬರದ ಮಗುವಿಗೆ ಇದು ದಿನವಿಡೀ ಪರೀಕ್ಷೆ. ಕೇಳುವುದನ್ನು ಕಡಿಮೆ ಮಾಡಿ, ಹೇಳುವುದನ್ನು ಜಾಸ್ತಿ ಮಾಡಿ. ಅದರ ಮಟ್ಟಕ್ಕೆ, ಮುಖಕ್ಕೆ ಮುಖ ಬರುವಂತೆ ನೆಲದ ಮೇಲೆ ಕೂತು, ಅದು ಯಾವುದನ್ನು ನೋಡುತ್ತಿದೆಯೋ ಅದರ ಬಗ್ಗೆಯೇ ಹೇಳಿ. ಚೆಂಡು ಉರುಳಿತಾ, 'ಚೆಂಡು. ಚೆಂಡು ಹೋಯ್ತು.' ಅಷ್ಟೇ ಸಾಕು. ಉದ್ದ ವಾಕ್ಯ ಬೇಡ. ಮಗು ಒಂದು ಪದ ಅಂದರೆ ನೀವು ಎರಡು ಅನ್ನಿ: ಅದು 'ಕಾರ್' ಅಂದರೆ ನೀವು 'ಕೆಂಪು ಕಾರ್', ಅದು 'ಬಾ' ಅಂದರೆ 'ಅಪ್ಪ ಬಾ'. ತಪ್ಪಾಗಿ ಅಂದರೆ ತಿದ್ದಬೇಡಿ, ಸರಿಯಾದದ್ದನ್ನು ನೀವು ಒಮ್ಮೆ ಅಂದುಬಿಡಿ.

ಆಮೇಲೆ ಕಾಯಿರಿ. ಎಲ್ಲಕ್ಕಿಂತ ಕಷ್ಟ ಇದೇ, ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದೂ ಇದೇ ಅಂತ ನನ್ನ ನಂಬಿಕೆ. ಒಂದು ಮಾತು ಹೇಳಿ, ಬಾಯಿ ಮುಚ್ಚಿ, ಮಗುವಿನ ಮುಖ ನೋಡುತ್ತಾ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಾವು ಸಾಮಾನ್ಯವಾಗಿ ಎರಡು ಸೆಕೆಂಡ್ ಕೂಡ ಬಿಡುವುದಿಲ್ಲ, ಮಗು ಇನ್ನೂ ಬಾಯಿ ತೆರೆಯಲು ಸಿದ್ಧವಾಗುತ್ತಿರುವಾಗಲೇ ನಾವೇ ಉತ್ತರ ಹೇಳಿ ಮುಗಿಸಿರುತ್ತೇವೆ. ಹಾಡು ಹೇಳುವಾಗ ಕೊನೆಯ ಪದ ಬಿಟ್ಟು ನಿಲ್ಲಿಸಿ. ಜೋಕಾಲಿ ತಳ್ಳುವ ಮುಂಚೆ 'ಒಂದು, ಎರಡು...' ಎಂದು ತಡೆಯಿರಿ. ನೋಟ, ಕೈ, ಸದ್ದು, ಏನು ಬಂದರೂ ಅದೇ ಅದರ ಉತ್ತರ, ತಕ್ಷಣ ತಳ್ಳಿ.

ಕೇಳಲು ಕಾರಣವನ್ನೂ ಕೊಡಬೇಕು. ಮಗು ಕೈ ಚಾಚುವ ಮುಂಚೆಯೇ ಎಲ್ಲ ಸಿಕ್ಕಿಬಿಟ್ಟರೆ ಮಾತು ಯಾಕೆ ಬೇಕು? ಇಷ್ಟದ ಆಟಿಕೆಯನ್ನು ಕಣ್ಣಿಗೆ ಕಾಣುವ, ಕೈಗೆ ಸಿಗದ ಜಾಗದಲ್ಲಿಡಿ. ಬಾಳೆಹಣ್ಣು ಒಂದು ತುಂಡು ಕೊಟ್ಟು ನಿಲ್ಲಿಸಿ. 'ಹಾಲಾ, ನೀರಾ' ಎಂದು ಎರಡನ್ನೂ ಎತ್ತಿ ತೋರಿಸಿ. ಆದರೆ 'ನೀರು ಅನ್ನು, ಆಮೇಲೆ ಕೊಡುತ್ತೇನೆ' ಎಂದು ಲೋಟ ಹಿಂದಕ್ಕೆ ಎಳೆಯಬೇಡಿ, ಅಳಿಸಬೇಡಿ. ಬೇಕಂತಲೇ ಸುಮ್ಮನಿರುವುದಲ್ಲ ಅದು, ಆ ಹೊತ್ತಿಗೆ ಅದಕ್ಕೆ ಆಗುತ್ತಿಲ್ಲ.

ಕೈಸನ್ನೆ, ಚಿತ್ರ ತೋರಿಸಿ ಕೇಳುವುದು ಇವನ್ನೆಲ್ಲ ಕಲಿಸಿದರೆ ಮಗು ಮಾತನ್ನೇ ಬಿಟ್ಟುಬಿಡುತ್ತದೆ ಎಂಬ ಭಯ ತುಂಬಾ ಜನರಿಗಿದೆ. ಹಾಗಾಗುವುದಿಲ್ಲ. 'ಇನ್ನೂ ಬೇಕು', 'ಸಾಕು' ಎಂದು ಹೇಳಲು ಒಂದು ದಾರಿ ಸಿಕ್ಕರೆ ಕಿರುಚಾಟ, ಕಚ್ಚುವುದು ಕಡಿಮೆಯಾಗುತ್ತದೆ, ಮಾತಿಗೂ ಸಹಾಯವಾಗುತ್ತದೆ.

ಸ್ಕ್ರೀನ್ ಬಗ್ಗೆ ಉದ್ದ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷದ ಒಳಗೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಯಾರೂ ನೋಡದೆ ಓಡುತ್ತಿರುವ ಟಿವಿಯನ್ನು ಮೊದಲು ಆರಿಸಿ, ಆ ಸದ್ದಿನಲ್ಲಿ ನಿಮ್ಮ ಮಾತು ಮಗುವಿಗೆ ಸರಿಯಾಗಿ ಕೇಳುವುದಿಲ್ಲ.

ಪ್ರಗತಿ ಪದಗಳಿಂದ ಶುರುವಾಗುವುದಿಲ್ಲ, ಅದನ್ನು ತಿಳಿದಿರದಿದ್ದರೆ ಮೊದಲ ತಿಂಗಳುಗಳಲ್ಲೇ ಕೈಚೆಲ್ಲಿಬಿಡುತ್ತೀರಿ. ಮೊದಲು ನಿಮ್ಮ ಮುಖ ಹೆಚ್ಚು ನೋಡುತ್ತದೆ, ನೀವು ಡಬ್ಬಿ ಬಡಿದರೆ ತಾನೂ ಬಡಿಯುತ್ತದೆ, ಬೆರಳು ತೋರಿಸಿ ನಿಮ್ಮತ್ತ ತಿರುಗುತ್ತದೆ, ಸದ್ದು ಅನುಕರಿಸುತ್ತದೆ, ಪದ ಆಮೇಲೆ. ಇವನ್ನೆಲ್ಲ ದಿನಾಂಕ ಹಾಕಿ ಬರೆದಿಡಿ, ವಿಡಿಯೋ ಮಾಡಿಡಿ. ಥೆರಪಿ ಕೋಣೆಯಲ್ಲಿ ತೋರಿಸದ್ದನ್ನು ಮಗು ಮನೆಯಲ್ಲಿ ತೋರಿಸುತ್ತದೆ, ಆ ವಿಡಿಯೋ ಥೆರಪಿಸ್ಟ್‌ಗೆ ತುಂಬಾ ಉಪಯೋಗ.

ನೀವು ಸಾಕಷ್ಟು ಮಾತಾಡಿಸಿಲ್ಲ, ಅದಕ್ಕೇ ಹೀಗಾಯಿತು ಎಂದು ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರನ್ನೇ ಒಂದು ಸಲ ಥೆರಪಿಗೆ ಕರೆದುಕೊಂಡು ಹೋಗಿ. ಮಗುವಿನ ಜೊತೆ ಹೊತ್ತು ಕಳೆಯುವ ಎಲ್ಲರೂ ಒಂದೇ ಥರ ಕಾಯುವುದನ್ನು ಕಲಿತರೆ ಕೆಲಸ ಹಗುರ.

ಮೂರು ತಿಂಗಳಾದರೂ ಇಂಥ ಸಣ್ಣ ಬದಲಾವಣೆಯೂ ಕಾಣದಿದ್ದರೆ ಗುರಿ ಬದಲಿಸಬೇಕಾ, ಬೇರೆ ಏನಾದರೂ ಇರಬಹುದಾ ಎಂದು ಥೆರಪಿಸ್ಟ್ ಹತ್ತಿರ ನೇರವಾಗಿ ಕೇಳಿ. ಆಟಿಸಂ ಅನುಮಾನ ಇದ್ದರೆ 16ರಿಂದ 30 ತಿಂಗಳ ಮಕ್ಕಳಿಗೆಂದೇ ಇರುವ ಎಂ-ಚಾಟ್ ಎಂಬ ಪ್ರಶ್ನಾವಳಿ ತುಂಬಿಸುತ್ತಾರೆ. ಅದು ಮುಂದಿನ ಪರೀಕ್ಷೆ ಬೇಕಾ ಎಂದು ಹೇಳುತ್ತದೆ, ಅಷ್ಟೇ. ಆ ಪರೀಕ್ಷೆಗೆ ಹೆಸರು ಬರೆಸಿ ಕಾಯುವ ದಿನಗಳಲ್ಲೂ ಥೆರಪಿ ನಿಲ್ಲಿಸಬೇಡಿ.