ಹಳೆಯ ವೈರಿಂಗ್‌ನ ಮನೆಯಲ್ಲಿ ಛಾವಣಿಯ ದೀಪ ಬದಲಿಸುವುದು ಹೇಗೆ?

ಮೈಸೂರಿನ ಅಗ್ರಹಾರದಲ್ಲೋ ಬೆಂಗಳೂರಿನ ಬಸವನಗುಡಿಯಲ್ಲೋ ಇನ್ನೂ ಉಳಿದುಕೊಂಡಿರುವ ಹಳೆಯ ಮನೆಗಳ ನಡುಮನೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ, ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪುಗಳಿಂದ ಬಿಗಿದ ವೈರುಗಳೂ ಅವು ಬಂದು ಸೇರುವಲ್ಲಿ ಗುಂಡನೆಯ ಮರದ ಬ್ಲಾಕೂ ಅದರ ಮೇಲೊಂದು ಬೇಕಲೈಟಿನ ಸೀಲಿಂಗ್ ರೋಸೂ (ವೈರುಗಳನ್ನು ದೀಪಕ್ಕೆ ಜೋಡಿಸುವ ಗುಂಡನೆಯ ಡಬ್ಬಿ) ಕಾಣುತ್ತವೆ. ಅಲ್ಲಿಂದ ಇಳಿಬಿದ್ದ ಬಲ್ಬನ್ನು ತೆಗೆದು ಎಲ್‌ಇಡಿ ದೀಪವೊಂದನ್ನು ಕೂರಿಸುವುದು ಸುಲಭದ ಕೆಲಸವೆಂದೇ ತೋರುತ್ತದೆ. ದೀಪದ ಡಬ್ಬಿಯೊಳಗಿನ ಚೀಟಿಯೂ ಮೂರು ಚಿತ್ರಗಳಲ್ಲಿ ಕೆಲಸ ಮುಗಿಸಿಬಿಡುತ್ತದೆ. ಆದರೆ ಆ ಚೀಟಿಯನ್ನು ಬರೆದವರ ಕಣ್ಣೆದುರಿಗೆ ಇದ್ದದ್ದು ಹೊಸ ಮನೆ. ಹಳೆಯ ಮನೆಯಲ್ಲಿ ಮುಕ್ಕಾಲು ಪಾಲು ಕೆಲಸವು ಮೇಲಿನಿಂದ ಹೊರಬರುವ ವೈರುಗಳಲ್ಲಿ ಯಾವುದು ಏನೆಂದು ತಿಳಿಯುವುದರಲ್ಲೇ ಇರುತ್ತದೆ. ಸ್ಕ್ರೂ ತಿರುಗಿಸುವುದು ಉಳಿದ ಕಾಲು ಪಾಲು.

ಈ ಕೆಲಸವನ್ನು ನಾವೇ ಮಾಡಬಹುದೇ ಎಂಬ ಪ್ರಶ್ನೆಗೆ ಕಾನೂನು ಸ್ಪಷ್ಟವಾಗಿಯೇ ಉತ್ತರಿಸಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮವು ವಿದ್ಯುತ್ ಕೆಲಸಗಳನ್ನು ಪರವಾನಗಿ ಪಡೆದ ಗುತ್ತಿಗೆದಾರರಿಗೆ ಮೀಸಲಿಡುವಾಗ, ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು ಮುಂತಾದವನ್ನು ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ ಬದಲಿಸುವುದಕ್ಕೆ ವಿನಾಯಿತಿ ಕೊಟ್ಟಿತ್ತು. ಈ ಗೆರೆ ಇಂದಿಗೂ ಒಳ್ಳೆಯ ಅಳತೆಗೋಲು. ಇದ್ದ ಜಾಗದಲ್ಲಿ ಇದ್ದ ವೈರಿಗೆ ಬೇರೆ ದೀಪ ಕೂರಿಸುವುದು ನಿಮ್ಮ ಕೆಲಸ. ಹೊಸ ವೈರು ಎಳೆಯುವುದು, ಹೊಸ ಪಾಯಿಂಟ್ ಕೊಡುವುದು, ಬೋರ್ಡಿನ ಒಳಗೆ ಕೈಹಾಕುವುದು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರ ಕೆಲಸ.

ಮೊದಲು ಒಂದು ಪರೀಕ್ಷೆ

ಏನನ್ನೂ ಬಿಚ್ಚುವ ಮೊದಲೇ, ಕರೆಂಟು ಇರುವಾಗಲೇ ಮಾಡಬೇಕಾದ ಪರೀಕ್ಷೆಯೊಂದಿದೆ. ಸ್ವಿಚ್ ಆಫ್ ಮಾಡಿ, ಬಲ್ಬು ತಣ್ಣಗಾದ ಮೇಲೆ ಅದನ್ನು ತೆಗೆಯಿರಿ. ಒಣಗಿದ ಮರದ ಏಣಿಯ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡು ನಿಂತು, ಕಡ್ಡಿಗೆ ಪ್ಲಾಸ್ಟಿಕ್ ತೋಳಿರುವ ಟೆಸ್ಟರನ್ನು ಹೋಲ್ಡರಿನ ಎರಡು ಪಿನ್ನುಗಳಿಗೆ ಒಂದಾದ ಮೇಲೊಂದರಂತೆ ತಾಗಿಸಿ. ಎರಡರಲ್ಲಿ ಯಾವುದರಲ್ಲೂ ಟೆಸ್ಟರ್ ಬೆಳಗಬಾರದು. ಬೆಳಗಿದರೆ, ನಿಮ್ಮ ಮನೆಯ ಸ್ವಿಚ್ಚು ಕರೆಂಟು ತರುವ ಫೇಸ್ ವೈರಿನ ಬದಲು ಅದನ್ನು ಮರಳಿ ಒಯ್ಯುವ ನ್ಯೂಟ್ರಲ್ ವೈರನ್ನು ಕಡಿಯುತ್ತಿದೆ ಎಂದು ಬಹುತೇಕ ಹೇಳಬಹುದು. ದೀಪ ಆರಿದರೂ ಹೋಲ್ಡರಿನಲ್ಲಿ 230 ವೋಲ್ಟ್ ಸದಾ ಕಾಯುತ್ತಾ ಕುಳಿತಿರುತ್ತದೆ. ಹಳೆಯ ಮನೆಗಳಲ್ಲಿ ಇದು ಅಪರೂಪವಲ್ಲ. ಎಷ್ಟೋ ವರ್ಷಗಳ ಹಿಂದೆ ಯಾರೋ ಮೀಟರಿನ ಬಳಿ ಎರಡು ವೈರುಗಳನ್ನು ಅದಲು ಬದಲು ಮಾಡಿದ್ದರೂ ಸಾಕು, ಮನೆಯ ಎಲ್ಲ ಸ್ವಿಚ್ಚುಗಳದ್ದೂ ಇದೇ ಕಥೆಯಾಗಿರುತ್ತದೆ. ಹೀಗೆ ಕಂಡುಬಂದರೆ ದೀಪದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಅದನ್ನು ಎಲೆಕ್ಟ್ರಿಷಿಯನ್‌ರಿಂದ ಸರಿಪಡಿಸಿಕೊಳ್ಳಿ.

ಕರೆಂಟು ತೆಗೆಯುವುದು

ಸ್ವಿಚ್ ಆರಿಸಿದರೆ ಕರೆಂಟು ಹೋಯಿತು ಎಂಬ ನಂಬಿಕೆಯನ್ನು ಮೇಲಿನ ಪರೀಕ್ಷೆಯೇ ಅಳಿಸಿಹಾಕುತ್ತದೆ. ಹಾಗಾದರೆ ಫ್ಯೂಸ್ ತೆಗೆದರೆ ಸಾಕೇ? ಪಿಂಗಾಣಿ ಫ್ಯೂಸುಗಳಿರುವ ಹಳೆಯ ಬೋರ್ಡುಗಳಲ್ಲಿ ಫೇಸ್‌ಗೊಂದು, ನ್ಯೂಟ್ರಲ್‌ಗೊಂದು ಎಂದು ಜೋಡಿ ಫ್ಯೂಸ್ ಇರುವುದುಂಟು. ಗೊತ್ತಿಲ್ಲದೆ ನ್ಯೂಟ್ರಲ್ ಕಡೆಯದನ್ನು ಮಾತ್ರ ಕಿತ್ತರೆ ದೀಪವೇನೋ ಆರುತ್ತದೆ, ಆದರೆ ಫೇಸ್ ಹಾಗೆಯೇ ಛಾವಣಿಯವರೆಗೂ ಬಂದಿರುತ್ತದೆ. ಆದ್ದರಿಂದ ಎರಡೂ ವೈರುಗಳನ್ನು ಒಟ್ಟಿಗೆ ಕಡಿಯುವ ಮೇನ್ ಸ್ವಿಚ್ಚನ್ನೇ ಕೆಳಗಿಳಿಸಿ, ಆಮೇಲೆ ದೀಪದ ಸಾಲಿನ ಫ್ಯೂಸುಗಳನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಬೋರ್ಡಿನ ಮೇಲೆಯೇ ಇಟ್ಟರೆ, ಕರೆಂಟು ಹೋಯಿತೆಂದು ಮನೆಯವರು ಯಾರಾದರೂ ಅದನ್ನು ಮತ್ತೆ ಸಿಕ್ಕಿಸಿಬಿಡುತ್ತಾರೆ.

ಇದಾದ ಮೇಲೂ ಮರೆಯಬಾರದ ಶತ್ರುವೊಂದಿದೆ: ಯುಪಿಎಸ್. ನಮ್ಮ ಕಡೆಯ ಮನೆಗಳಲ್ಲಿ ಯುಪಿಎಸ್ ಸಾಮಾನ್ಯವಾಗಿ ದೀಪ ಮತ್ತು ಫ್ಯಾನುಗಳ ಸಾಲಿಗೇ ಜೋಡಣೆಯಾಗಿರುತ್ತದೆ. ನೀವು ಮೇನ್ ಇಳಿಸಿದ ಕ್ಷಣ ಅದು ತನ್ನ ಧರ್ಮ ಪಾಲಿಸುತ್ತದೆ, ಅಂದರೆ ಬ್ಯಾಟರಿಯಿಂದ 230 ವೋಲ್ಟನ್ನು ಮತ್ತೆ ಛಾವಣಿಗೆ ಕಳಿಸುತ್ತದೆ. ಮುಂಭಾಗದ ಗುಂಡಿ ಒತ್ತಿ ಅದನ್ನು ನಿಲ್ಲಿಸಿದರಷ್ಟೇ ಸಾಲದು. ಅದರ ಔಟ್‌ಪುಟ್ ಪ್ಲಗ್ಗನ್ನೂ ಕಿತ್ತಿಡಬೇಕು. ಮೇಲ್ಮನೆಗೋ ಬಾಡಿಗೆ ಮನೆಗೋ ಬೇರೆ ಮೀಟರ್ ಇದ್ದು ವೈರುಗಳು ಒಂದೇ ಛಾವಣಿಯಲ್ಲಿ ಹಾದುಹೋಗಿದ್ದರೆ, ಆ ಮೀಟರಿನ ಮೇನನ್ನೂ ಇಳಿಸುವುದು ಒಳ್ಳೆಯದು.

ಈಗ ಖಚಿತಪಡಿಸಿಕೊಳ್ಳುವ ಸರದಿ. ಹತ್ತಿಪ್ಪತ್ತು ರೂಪಾಯಿಯ ಟೆಸ್ಟರೊಂದನ್ನೇ ನಂಬಬೇಡಿ. ಹಗಲು ಬೆಳಕಿನಲ್ಲಿ ಅದರ ಮಿಣುಕು ಕಾಣದೇ ಹೋಗಬಹುದು, ಒಳಗಿನ ನಿಯಾನ್ ಸುಟ್ಟಿದ್ದರೂ ಅದು ಸುಮ್ಮನೇ ಇರುತ್ತದೆ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟುಕೊಳ್ಳಿ. ಕೆಲಸ ಶುರುಮಾಡುವ ಮುಂಚೆ, ಮೇನ್ ಇನ್ನೂ ಇರುವಾಗಲೇ, ಯಾವುದಾದರೂ ಸಾಕೆಟ್ಟಿನಲ್ಲಿ ಅದು ಸರಿಯಾಗಿ ತೋರಿಸುತ್ತದೆಯೇ ನೋಡಿ. ಮೇನ್, ಯುಪಿಎಸ್ ಎಲ್ಲವನ್ನೂ ಆರಿಸಿದ ಮೇಲೆ, ದೀಪದ ಸ್ವಿಚ್ಚನ್ನು ಮಾತ್ರ ಆನ್ ಮಾಡಿಟ್ಟು ಹೋಲ್ಡರಿನಲ್ಲಿ ಅಳೆಯಿರಿ; ಸ್ವಿಚ್ ಆಫ್ ಇದ್ದರೆ ಕರೆಂಟು ಇದ್ದರೂ ಮೀಟರು ಸೊನ್ನೆ ತೋರಿಸಬಹುದು. ಅಲ್ಲಿ ಸೊನ್ನೆ ಬಂದರೆ, ಮೀಟರೇ ಕೆಟ್ಟಿಲ್ಲವೆಂದು ಅದೇ ಕ್ರಮದಲ್ಲಿ ಇನ್ನೊಮ್ಮೆ ಕರೆಂಟಿರುವ ಕಡೆ ನೋಡುವುದು ವೃತ್ತಿಯವರ ರೂಢಿ. ಒಂದಿಷ್ಟು ಓಡಾಟವಾದರೂ ಸರಿ, ಇದನ್ನು ಬಿಡಬೇಡಿ.

ರೋಸ್ ಬಿಚ್ಚಿದಾಗ ಕಾಣುವುದು

ಸೀಲಿಂಗ್ ರೋಸಿನ ಮುಚ್ಚಳವನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ವರ್ಷಾನುಗಟ್ಟಲೆಯ ಸುಣ್ಣ, ಡಿಸ್ಟೆಂಪರ್ ಅಂಟಿಕೊಂಡಿದ್ದರೆ ಮೊದಲು ಚಾಕುವಿನ ತುದಿಯಿಂದ ಸುತ್ತ ಗೀರಿ ಬಿಡಿಸಿ. ಬಲ ಹಾಕಿದರೆ ಬೇಕಲೈಟು ಒಡೆಯುತ್ತದೆ. ಒಳಗೆ ಕಂಡದ್ದನ್ನು ಮುಟ್ಟುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಎರಡೇ ವೈರು ಇದ್ದರೆ ನಿಮ್ಮ ಅದೃಷ್ಟ. ಮೂರೋ ನಾಲ್ಕೋ ಇದ್ದರೆ ಗಾಬರಿಯಾಗಬೇಕಿಲ್ಲ. ನಮ್ಮಲ್ಲಿ ಫೇಸ್ ವೈರನ್ನು ಸ್ವಿಚ್ ಬೋರ್ಡಿನಿಂದ ಬೋರ್ಡಿಗೆ ಒಯ್ಯುವ, ನ್ಯೂಟ್ರಲ್ ವೈರನ್ನು ಒಂದು ರೋಸಿನಿಂದ ಇನ್ನೊಂದು ರೋಸಿಗೆ ಒಯ್ಯುವ ಪದ್ಧತಿ ಹಿಂದಿನಿಂದಲೂ ಇದೆ. ಆದ್ದರಿಂದ ಒಂದೇ ಟರ್ಮಿನಲ್ಲಿನಲ್ಲಿ ಎರಡು ವೈರು ಒಟ್ಟಿಗೆ ಬಿಗಿದಿದ್ದರೆ, ಅವು ಹೆಚ್ಚಾಗಿ ನ್ಯೂಟ್ರಲ್ಲುಗಳು: ಒಂದು ಬರುವುದು, ಇನ್ನೊಂದು ಮುಂದಿನ ಕೋಣೆಗೆ ಹೋಗುವುದು. ಒಂಟಿಯಾಗಿರುವುದು ಸ್ವಿಚ್ಚಿನಿಂದ ಬಂದ ವೈರು. ಹೊಸ ದೀಪಕ್ಕೆ ಎರಡೇ ವೈರು ಸಾಕೆಂದು ಆ ಜೋಡಿಯನ್ನು ಬೇರ್ಪಡಿಸಿ ಒಂದನ್ನು ಟೇಪು ಸುತ್ತಿ ಬಿಟ್ಟರೆ, ಅಡುಗೆಮನೆಯ ದೀಪ ಉರಿಯುವುದಿಲ್ಲ. ಆಗ ಅಡುಗೆಮನೆಯಲ್ಲಿ ದೋಷ ಹುಡುಕುತ್ತಾ ಇಡೀ ದಿನ ಕಳೆಯಬೇಕಾಗುತ್ತದೆ! ಜೋಡಿಯಾಗಿ ಬಂದದ್ದನ್ನು ಜೋಡಿಯಾಗಿಯೇ ಇಡಿ. ಅದಕ್ಕೆ ಈಗಲೇ ಕಪ್ಪು ಟೇಪನ್ನೂ ಸ್ವಿಚ್ಚಿನ ವೈರಿಗೆ ಕೆಂಪು ಟೇಪನ್ನೂ ಸುತ್ತಿ ಗುರುತು ಮಾಡಿ.

ವೈರಿನ ಬಣ್ಣವನ್ನು ಮಾತ್ರ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಬಟ್ಟೆಯ ಹೊದಿಕೆಯ ಹಳೆಯ ರಬ್ಬರ್ ವೈರುಗಳು ಮಾಸಿ ಎಲ್ಲವೂ ಕಪ್ಪಾಗಿ ಕಾಣುತ್ತವೆ. ನಮ್ಮ ದೇಶದ ಮನೆ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಫೇಸ್‌ಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ತಿಂಗ್‌ಗೆ. ಆದರೆ ಹೊಸ ದೀಪದಿಂದ ಹೊರಬರುವ ವೈರು ಕಂದು ಮತ್ತು ನೀಲಿ ಬಣ್ಣದ್ದಾಗಿದ್ದರೆ, ಅಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್.

ವೈರಿನ ಆರೋಗ್ಯ

ಬಲ್ಬಿನ ಬಿಸಿ ದಶಕಗಳ ಕಾಲ ಮೇಲಕ್ಕೇರಿ, ರೋಸಿನೊಳಗಿನ ಕೊನೆಯ ಕೆಲವು ಇಂಚು ವೈರಿನ ಹೊದಿಕೆಯನ್ನು ಒಣಗಿಸಿರುತ್ತದೆ. ಮೆಲ್ಲಗೆ ಬಾಗಿಸಿ ನೋಡಿ. ಹೊದಿಕೆ ಬಾಗಿದರೆ ಸರಿ. ಹಪ್ಪಳದಂತೆ ಚೂರುಚೂರಾಗಿ ಉದುರಿದರೆ, ಆ ಭಾಗವನ್ನು ಕತ್ತರಿಸಿ ಗಟ್ಟಿಯಿರುವ ಕಡೆಯಿಂದ ಹೊಸದಾಗಿ ಸುಲಿಯಿರಿ. ಪಟ್ಟಿ ವೈರಿಂಗಿನಲ್ಲಿ ಕೊನೆಯ ಒಂದೆರಡು ಕ್ಲಿಪ್ಪು ಸಡಿಲಿಸಿದರೆ ಅಷ್ಟು ಉದ್ದ ಸಿಗುತ್ತದೆ. ಪಟ್ಟಿಯ ಉದ್ದಕ್ಕೂ ಹೊದಿಕೆ ಹಾಗೆಯೇ ಉದುರುತ್ತಿದ್ದರೆ, ಟೇಪು ಸುತ್ತಿ ಹೊಸ ದೀಪ ಹಾಕುವುದು ಕೊಳೆತ ತೊಲೆಗೆ ಬಣ್ಣ ಬಳಿದಂತೆ. ಎಲೆಕ್ಟ್ರಿಷಿಯನ್‌ರನ್ನು ಕರೆದು ಹೊದಿಕೆಯ ತಡೆಶಕ್ತಿ ಅಳೆಯುವ 500 ವೋಲ್ಟಿನ ಮೆಗ್ಗರ್‌ನಿಂದ ಪರೀಕ್ಷಿಸಿ, ಅಂಕಿ 1 ಮೆಗಾ ಓಮ್‌ಗಿಂತ ಕೆಳಗಿದ್ದರೆ ಆ ಸಾಲಿಗೆ ವೈರಿಂಗ್ ಹೊಸದಾಗಿ ಮಾಡಿಸಿ.

ಸುಲಿದ ತುದಿ ತಾಮ್ರದ ಕೆಂಪಾಗಿರದೆ ಬೆಳ್ಳಗೆ, ಮೆದುವಾಗಿ ಕಂಡರೆ ಅದು ಅಲ್ಯೂಮಿನಿಯಂ ಇರಬಹುದು. ತವರ ಲೇಪಿಸಿದ ತಾಮ್ರವೂ ಹಾಗೆಯೇ ಕಾಣುವುದರಿಂದ ಚಾಕುವಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೂ ಬಿಳಿಯಾಗಿದ್ದರೆ, ಅದನ್ನು ಹೊಸ ದೀಪದ ತಾಮ್ರದ ಎಳೆಗಳೊಂದಿಗೆ ಎಂದಿಗೂ ಹೆಣೆಯಬೇಡಿ; ಎರಡು ಲೋಹಗಳು ನೇರವಾಗಿ ಕೂಡಿದ ಕಡೆ ಸವೆತ ಹುಟ್ಟಿ, ಕೀಲು ಸಡಿಲವಾಗಿ ಬಿಸಿಯಾಗುತ್ತದೆ. ಎರಡಕ್ಕೂ ಹೊಂದುವ ಸ್ಕ್ರೂ ಕನೆಕ್ಟರ್ ಬಳಸಿ, ಬಿಗಿಯಿರಲಿ, ಆದರೆ ಅಲ್ಯೂಮಿನಿಯಂ ಜಜ್ಜಿಹೋಗುವಷ್ಟು ಬೇಡ.

ಯಾವ ದೀಪ, ಹೇಗೆ ಕೂರಿಸುವುದು

ಹಳೆಯ ಮನೆಗಳ ದೀಪದ ಸಾಲಿಗೆ ಅರ್ತಿಂಗ್ ವೈರು ಇರುವುದೇ ಇಲ್ಲವೆನ್ನಬಹುದು. ಹಿತ್ತಾಳೆಯ ಗೊಂಚಲು ದೀಪವೋ ಲೋಹದ ಬುರುಡೆಯೋ ಅರ್ತಿಂಗ್ ಬೇಡುತ್ತದೆ. ಅದನ್ನು ನ್ಯೂಟ್ರಲ್‌ಗೋ ನೀರಿನ ಪೈಪಿಗೋ ಜೋಡಿಸುವ ಉಪಾಯ ಅಪಾಯಕಾರಿ. ಆದ್ದರಿಂದ ಪ್ಲಾಸ್ಟಿಕ್ ಮೈಯುಳ್ಳ, ಚೌಕದೊಳಗೆ ಚೌಕದ ಗುರುತಿರುವ ದೀಪವನ್ನೇ ಆರಿಸಿಕೊಳ್ಳಿ. ಆ ಗುರುತಿನ ಅರ್ಥ ಅದು ಜೋಡಿ ಹೊದಿಕೆಯದು, ಅರ್ತಿಂಗ್ ಬೇಡ ಎಂದು. ಬಳಕೆಯ ಲೆಕ್ಕವಂತೂ ಎಲ್‌ಇಡಿಯ ಕಡೆಗೇ ಇದೆ: 60 ವ್ಯಾಟಿನ ಬಲ್ಬು ಸುಮಾರು 0.26 ಆಂಪಿಯರ್ ಎಳೆಯುತ್ತಿದ್ದಲ್ಲಿ, 12 ವ್ಯಾಟಿನ ಎಲ್‌ಇಡಿಗೆ ಅದರ ಐದನೆಯ ಒಂದು ಭಾಗದ ಆಸುಪಾಸು ಸಾಕು.

ಮರದ ಬ್ಲಾಕು ಅಲ್ಲಾಡದಿದ್ದರೆ, ಗೆದ್ದಲು ಹಿಡಿಯದಿದ್ದರೆ, ಹೊಸ ದೀಪದ ತಳವನ್ನು ಅದಕ್ಕೇ ಸ್ಕ್ರೂ ಮಾಡಿ. ವೈರಿನಿಂದ ಏನೂ ತೂಗಬಾರದು. ಬ್ಲಾಕು ಸಡಿಲವಿದ್ದರೆ ತೊಲೆಗೆ ನೇರವಾಗಿ ಉದ್ದ ಸ್ಕ್ರೂ ಹಾಕಿ. ತೊಲೆಗಳ ಮೇಲೆ ಇಟ್ಟಿಗೆ ಹಾಸಿ ಕಟ್ಟಿದ ಮದ್ರಾಸ್ ತಾರಸಿಯ ಗಾರೆಗೆ ಡ್ರಿಲ್ ಹಾಕಲು ಹೋಗಬೇಡಿ, ಅದು ಉದುರುವುದೇ ಹೆಚ್ಚು. ತುದಿಗಳನ್ನು ಕನೆಕ್ಟರಿನಲ್ಲಿ ಬಿಗಿದು, ಒಂದೊಂದನ್ನೂ ಬೆರಳಿನಿಂದ ಎಳೆದು ನೋಡಿ ಮುಚ್ಚಳ ಹಾಕಿ.

ಫ್ಯೂಸು, ಮೇನ್, ಕೊನೆಗೆ ಯುಪಿಎಸ್ ಎಂಬ ಕ್ರಮದಲ್ಲಿ ಕರೆಂಟು ಕೊಡಿ. ಈ ದೀಪ ಮಾತ್ರವಲ್ಲ, ಅಕ್ಕಪಕ್ಕದ ಕೋಣೆಗಳ ದೀಪಗಳೂ ಉರಿಯುತ್ತಿವೆಯೇ ನೋಡಿ. ಒಂದು ಗಂಟೆ ಉರಿಸಿ, ಆರಿಸಿ, ಕಿಟಕಿ ಮುಚ್ಚಿ ಕತ್ತಲು ಮಾಡಿ ದೀಪವನ್ನು ಗಮನಿಸಿ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಂಕಾಗಿ ಹೊಳೆಯುತ್ತಿದ್ದರೆ, ಸ್ವಿಚ್ಚು ನ್ಯೂಟ್ರಲ್ ಕಡೆಗಿರುವ ಅಥವಾ ವೈರಿನಲ್ಲಿ ಸೋರಿಕೆಯಿರುವ ಸೂಚನೆ ಅದಾಗಿರಬಹುದು. ದೀಪವನ್ನು ಅಂಗಡಿಗೆ ಹಿಂದಿರುಗಿಸಲು ಹೋಗಬೇಡಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ಆ ಸ್ವಿಚ್ಚನ್ನು ತೆರೆಸಿ ನೋಡಿಸಿ. ಯಾವ ಫ್ಯೂಸು ಯಾವ ಕೋಣೆಗೆ, ಯುಪಿಎಸ್ ಯಾವ ಸಾಲಿಗೆ ಎಂದು ಈಗ ಗೊತ್ತಾದದ್ದನ್ನು ಚೀಟಿಯಲ್ಲಿ ಬರೆದು ಮೇನ್ ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಿ, ದಿನಾಂಕ ಹಾಕಿ.